ಖಾಲಿಯಾಗುತ್ತಿರುವ ಹಳೇ ಪೇಟೆಬೀದಿಗೆ ಜನ ಮರಳಬೇಕಾದರೆ ಕಲ್ಲುಹಾಸು ಒಳ್ಳೆಯದೋ, ಪೇವರ್ (ಅಚ್ಚಿನ ಕಾಂಕ್ರೀಟ್ ಬಿಲ್ಲೆ) ಒಳ್ಳೆಯದೋ?

ಸದ್ಯಕ್ಕೆ ಎರಡೂ ಬೇಡ. ಹಳೇ ಬೀದಿಯೊಂದರ ಕಾಮಗಾರಿಯ ಹೊಣೆ ಹೊತ್ತಿದ್ದಾಗ ನಾನೂ ಇದೇ ಪ್ರಶ್ನೆ ಹಿಡಿದು ಕೂತಿದ್ದೆ. ಪೇವರ್ ಎಂದು ತೀರ್ಮಾನಿಸಿ ಹಾಕಿಸಿಯೂಬಿಟ್ಟೆ. ಅಷ್ಟು ದಿನ ಹೇಗೋ ಉಳಿದುಕೊಂಡಿದ್ದ ಮನೆಗಳಲ್ಲಿ ಕೆಲವು ಆಮೇಲೆ ಬೀಗ ಹಾಕಿದವು. ಅದಕ್ಕೆ ಕಾರಣ ನಾನು ಮಾಡಿಸಿದ ಕೆಲಸವೇ.

ತಪ್ಪು ಇಷ್ಟೇ: ಹಳೇ ರಸ್ತೆಯನ್ನು ಅಗೆದು ತೆಗೆಸದೆ ಅದರ ಮೇಲೇ ಹೊಸದನ್ನು ಕೂರಿಸಿದೆ. ಲೆಕ್ಕ ನೋಡಿ. ತಳಕ್ಕೆ 100 ಮಿ.ಮೀ. ಕಾಂಕ್ರೀಟ್, ಅದರ ಮೇಲೆ 30 ಮಿ.ಮೀ. ಮರಳು, ಮೇಲೆ 80 ಮಿ.ಮೀ. ಪೇವರ್. ಒಟ್ಟು 210. ಮನೆಗಳ ಹೊಸ್ತಿಲು ಹಳೇ ರಸ್ತೆಗಿಂತ ಎತ್ತರವಿದ್ದದ್ದು ಹೆಚ್ಚುಕಡಿಮೆ 200 ಮಿ.ಮೀ. ಅಂದರೆ ಕೆಲಸ ಮುಗಿದ ದಿನ ಹೊಸ್ತಿಲು ಬೀದಿಗಿಂತ 10 ಮಿ.ಮೀ. ಕೆಳಗಿತ್ತು. ಕಣ್ಣಿಗೆ ಬೀದಿ ಸಮತಟ್ಟಾಗಿ ಚೆಂದ ಕಾಣುತ್ತಿತ್ತು. ಮೊದಲ ಜೋರು ಮಳೆಗೆ ನೀರು ಸೀದಾ ನಡುಮನೆಗೆ ನುಗ್ಗಿತು. ಹೊಸ್ತಿಲು ಯಾವತ್ತೂ ಹೊರಗಿನ ನೆಲಕ್ಕಿಂತ ಕನಿಷ್ಠ 150 ಮಿ.ಮೀ. ಮೇಲಿರಬೇಕು. ಈ ಒಂದು ಸಂಖ್ಯೆ ಗೊತ್ತಿದ್ದೂ ಒಂದೇ ಒಂದು ಮನೆಯ ಮುಂದೆ ನಾನು ಲೆವೆಲ್ ಹಿಡಿಸಲಿಲ್ಲ. ರಸ್ತೆಯ ನಡುಗೆರೆಯ ಮಟ್ಟವನ್ನಷ್ಟೇ ನೋಡಿ ನಕ್ಷೆಗೆ ಸಹಿ ಹಾಕಿದೆ.

ಒಳಗೆ ಬಂದ ನೀರನ್ನು ಹೊರಹಾಕಬಹುದು. ಗೋಡೆ ಕುಡಿದ ನೀರೇ ಹೆಚ್ಚು ಕೆಟ್ಟದ್ದು. ಮಣ್ಣು, ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೇ ಗೋಡೆ ನೆಲದ ತೇವವನ್ನು ಮೇಲಕ್ಕೆ ಹೀರಿ, ಹೊರಮೈಯಿಂದ ಗಾಳಿಗೆ ಬಿಡುತ್ತದೆ. ಹಾಗೆ ಬಿಡುವವರೆಗೆ ಅದಕ್ಕೆ ಏನೂ ಆಗದು. ನಾವು ಗೋಡೆಯ ಬುಡದವರೆಗೆ ಕಾಂಕ್ರೀಟ್ ತುಂಬಿ ನೆಲದ ಉಸಿರು ಕಟ್ಟಿಸಿದೆವು. ಬೀದಿಯೆಲ್ಲ ಒಂದೇ ಥರ ಕಾಣಲಿ ಎಂದು ಮುಂಗೋಡೆಗಳಿಗೆ ಸಿಮೆಂಟ್ ಗಿಲಾವು ಮಾಡಿ ಬಣ್ಣವನ್ನೂ ಹೊಡೆಸಿದೆವು. ಹೊರಹೋಗಲು ದಾರಿಯಿಲ್ಲದ ತೇವ ಗೋಡೆಯೊಳಗೇ ಇನ್ನೂ ಮೇಲೇರಿತು. ಮೊದಲು ಬಣ್ಣ ಗುಳ್ಳೆ ಎದ್ದಿತು, ಆಮೇಲೆ ಬಿಳಿ ಉಪ್ಪು ಬಿಟ್ಟಿತು, ಕೊನೆಗೆ ಗಿಲಾವು ಹಪ್ಪಳದ ಹಾಗೆ ಹಾಳೆಹಾಳೆಯಾಗಿ ಬಿದ್ದು ಅದರ ಜೊತೆ ಹಳೇ ಇಟ್ಟಿಗೆಯ ಮುಖವೂ ಕಿತ್ತು ಬಂತು. ಬೆರಳಲ್ಲಿ ಕೆರೆದರೆ ಸಂದಿನ ಗಾರೆ ಹಿಟ್ಟಿನಂತೆ ಉದುರುತ್ತಿತ್ತು. ಗೋಡೆಯೊಳಗೆ ಕೂತ ತೊಲೆಯ ತುದಿಗಳು ಕೊಳೆಯುವುದೂ ಹೀಗೇ. ಅದು ಹೊರಗೆ ಕಾಣುವುದಿಲ್ಲವಾದ್ದರಿಂದ ಹೆಚ್ಚು ಅಪಾಯ.

ಸರಿಮಾಡಲು ಆಗುತ್ತದೆ, ಆದರೆ ಆತುರ ನಡೆಯದು. ಸಿಮೆಂಟ್ ಗಿಲಾವನ್ನು ತೇವದ ಗುರುತಿಗಿಂತ ಒಂದೂವರೆ ಅಡಿ ಮೇಲಿನವರೆಗೆ ಕಿತ್ತುಹಾಕಿ. ಸಂದಿಗಳನ್ನು 15ರಿಂದ 20 ಮಿ.ಮೀ. ಆಳಕ್ಕೆ ಕೆರೆದು ಗೋಡೆಯನ್ನು ಹಾಗೇ ಬಿಡಿ. ದಪ್ಪದಲ್ಲಿ ಪ್ರತಿ 25 ಮಿ.ಮೀ.ಗೆ ಒಂದು ತಿಂಗಳು ಎಂಬುದು ಗೋಡೆ ಒಣಗುವ ಅಂದಾಜು ಲೆಕ್ಕ. 450 ಮಿ.ಮೀ. ಗೋಡೆಗೆ ಒಂದೂವರೆ ವರ್ಷ. ಆಮೇಲೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ. ಒಂದು ಪದರ 10-12 ಮಿ.ಮೀ. ಮೀರಬಾರದು. ವಾರಕ್ಕೂ ಹೆಚ್ಚು ದಿನ ಒದ್ದೆ ಗೋಣಿಯ ನೆರಳಲ್ಲಿಟ್ಟು ನಿಧಾನವಾಗಿ ಗಟ್ಟಿಯಾಗಲು ಬಿಡಿ. ಮೇಲೆ ತೆಳುವಾಗಿ ಮೂರು ನಾಲ್ಕು ಸಲ ಸುಣ್ಣ. ಪ್ಲಾಸ್ಟಿಕ್ ಬಣ್ಣ ಯಾವ ಕಾರಣಕ್ಕೂ ಬೇಡ. ಗೋಡೆಯ ಬುಡದಲ್ಲಿ ಒಂದಡಿ ಅಗಲದ ಪಟ್ಟಿಯಲ್ಲಿ ಜಲ್ಲಿ ಮಾತ್ರ ಇರಲಿ, ಕಾಂಕ್ರೀಟ್ ಗೋಡೆಯನ್ನು ಮುಟ್ಟಬಾರದು.

ಈಗ ನಿಮ್ಮ ಪ್ರಶ್ನೆಯ ಬುಡಕ್ಕೆ ಬರುತ್ತೇನೆ. ಮುಖ ಚೆಂದ ಮಾಡಿದರೆ ಜನ ಬರುತ್ತಾರೆ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಇದಕ್ಕೆ ಎಲ್ಲರೂ ಸ್ಪೇನಿನ ಬಿಲ್ಬಾವೊ ಕಡೆ ಬೆರಳು ತೋರಿಸುತ್ತಾರೆ: 1997ರಲ್ಲಿ ಗುಗನ್‌ಹೈಮ್ ಮ್ಯೂಸಿಯಂ ತೆರೆಯಿತು, ಊರು ಎದ್ದು ನಿಂತಿತು ಅಂತ. ಅದಕ್ಕೂ ಮೊದಲೇ, 1980ರ ದಶಕದಲ್ಲೇ, ಅಲ್ಲಿ ಕೊಳಚೆ ಹೊತ್ತ ನದಿಯನ್ನು ಶುದ್ಧಮಾಡುವ ಒಳಚರಂಡಿ ಕೆಲಸ ಶುರುವಾಗಿತ್ತು. 1995ರಲ್ಲಿ ಮೆಟ್ರೋ ಓಡಿತು. ಫೋಟೋದಲ್ಲಿ ಮ್ಯೂಸಿಯಂ ಕಾಣುತ್ತದೆ, ಕೊಳವೆ ಕಾಣುವುದಿಲ್ಲ. ಹಳ್ಳಿಯ ಮಾತಾದರೂ ಅಷ್ಟೇ. ಮಹಾರಾಷ್ಟ್ರದ ಹಿವರೆ ಬಜಾರ್‌ಗೆ ಗುಳೆ ಹೋದ ಕುಟುಂಬಗಳು ಮರಳಿದ್ದು ಸ್ವಾಗತ ಕಮಾನು ನೋಡಿ ಅಲ್ಲ. 1989ರಲ್ಲಿ ಸರಪಂಚರಾದ ಪೋಪಟರಾವ್ ಪವಾರ್ ಮತ್ತು ಊರವರು ಮಳೆನೀರು ಇಂಗಿಸಿದರು. ಬೇಸಾಯಕ್ಕೆ ಕೊಳವೆಬಾವಿ ಬೇಡ, ಕಬ್ಬು ಬೇಡ ಎಂದು ಕಟ್ಟುಪಾಡು ಮಾಡಿಕೊಂಡು, ವರ್ಷವರ್ಷ ನೀರಿನ ಆಯವ್ಯಯ ಬರೆದರು. ಬಾವಿಗೆ ನೀರು ಬಂತು, ಆಮೇಲೆ ಜನ ಬಂದರು.

ಹಾಗಾಗಿ ಬೀದಿ ಯಾಕೆ ಖಾಲಿಯಾಗುತ್ತಿದೆ ಎಂದು ಮೊದಲು ಪತ್ತೆಮಾಡಿ. ಪೇಟೆಬೀದಿಗಳಲ್ಲಿ ಪದೇಪದೇ ಕಾಣುವ ಕಾರಣ ಮೆಟ್ಟಿಲು. ಕೆಳಗಿನ ಅಂಗಡಿಯವರು ಜಾಗ ಸಾಲದೆಂದು ಮಹಡಿಗೆ ಹೋಗುವ ಮೆಟ್ಟಿಲನ್ನೇ ಕಿತ್ತು ಅಲ್ಲಿ ಸರಕು ಜೋಡಿಸುತ್ತಾರೆ. ಅಂಗಡಿಯೊಳಗೆ ಹಾದು ಮೇಲೆ ಹೋಗಬೇಕಾದ ಮನೆಗೆ ಬಾಡಿಗೆಗೆ ಯಾರು ಬರುತ್ತಾರೆ? ಮಹಡಿ ಖಾಲಿಯಾಗುತ್ತದೆ, ಸೂರು ನೋಡುವವರಿಲ್ಲವಾಗುತ್ತಾರೆ. ಒಂದು ಹೆಂಚು ಜಾರಿದರೆ ಸಾಕು. ಮೊದಲು ರೀಪು, ಆಮೇಲೆ ಜಂತೆ, ಆಮೇಲೆ ಗೋಡೆಯ ತಲೆ ನೆನೆದು ಕುಸಿಯುತ್ತದೆ. ಸಂಜೆ ಅಂಗಡಿ ಮುಚ್ಚಿದ ಮೇಲೆ ಬೀದಿಯಲ್ಲಿ ಒಂದು ಕಿಟಕಿಯಲ್ಲೂ ದೀಪವಿಲ್ಲ ಅಂದರೆ ಕಾಯಿಲೆ ಮೇಲಿನ ಮಹಡಿಯದ್ದು, ನೆಲದ್ದಲ್ಲ. ಒಂದು ರಾತ್ರಿ ಎಂಟು ಗಂಟೆಗೆ ಬೀದಿಯುದ್ದಕ್ಕೂ ನಡೆದು ಬೆಳಕಿರುವ ಕಿಟಕಿಗಳನ್ನು ಎಣಿಸಿ. ಮೆಟ್ಟಿಲು ಎಲ್ಲಿತ್ತು, ಈಗ ಇದೆಯಾ, ಮಾಲೀಕರು ಎಷ್ಟು ಜನ, ಪಾಲಿನ ತಕರಾರು ಇದೆಯಾ ಎಂದು ಮನೆಮನೆಯದ್ದೂ ಬರೆದುಕೊಳ್ಳಿ. ಹಾಸುಗಲ್ಲಿಗೆ ಇಟ್ಟ ಹಣದಲ್ಲಿ ಹತ್ತು ಮೆಟ್ಟಿಲು ಮತ್ತೆ ಕಟ್ಟಿಸುವುದು ಎಷ್ಟೋ ಮೇಲು.

ಖಾಲಿ ಮನೆಗೆ ಬಾಡಿಗೆದಾರ ಸಿಗುವವರೆಗೆ ಕಾಯಬೇಕಾಗಿಯೂ ಇಲ್ಲ. ಜರ್ಮನಿಯ ಲೈಪ್‌ಜಿಗ್‌ನಲ್ಲಿ 1990ರ ನಂತರ ಜನ ಊರು ಬಿಟ್ಟು ಹಳೇ ಕಟ್ಟಡಗಳು ಸಾಲುಸಾಲಾಗಿ ಪಾಳುಬಿದ್ದಾಗ, 2004ರಲ್ಲಿ ಶುರುವಾದ ಹೌಸ್‌ಹಾಲ್ಟನ್ ಎಂಬ ಸಂಘ ಒಂದು ದಾರಿ ಹುಡುಕಿತು. ಬಳಸುವವರು ಬಾಡಿಗೆ ಕೊಡುವುದಿಲ್ಲ, ನಿರ್ವಹಣೆಯ ಖರ್ಚಷ್ಟೇ ಹೊರುತ್ತಾರೆ. ಸಾಮಾನ್ಯವಾಗಿ ಐದು ವರ್ಷದ ಕರಾರು. ಮಾಲೀಕನಿಗೆ ಕಟ್ಟಡ ಉಳಿಯುತ್ತದೆ, ಬಳಸುವವರಿಗೆ ಜಾಗ ಸಿಗುತ್ತದೆ. ‘ಕಾವಲು ಮನೆ’ ಎಂದೇ ಅದಕ್ಕೆ ಹೆಸರು. ಅದಕ್ಕೂ ಆಗದಿದ್ದರೆ ಕನಿಷ್ಠ ಸೂರು, ಸೂರಿನ ನೀರು ಹರಿಯುವ ದೋಣಿ ರಿಪೇರಿ ಮಾಡಿಸಿ. ಕಿಟಕಿಗಳನ್ನು ಗಾಳಿಯಾಡದಂತೆ ಹಲಗೆ ಹೊಡೆದು ಮುಚ್ಚಬೇಡಿ, ಜಾಲರಿ ಹಾಕಿ.

ಬೀದಿ ಅಗೆಯುವುದು ಇವೆಲ್ಲ ನಡೆಯತೊಡಗಿದ ಮೇಲೆ. ಡಂಪಿ ಲೆವೆಲ್ (ಮಟ್ಟ ಅಳೆಯುವ ದುರ್ಬೀನು) ಇಟ್ಟು ಪ್ರತಿ ಹೊಸ್ತಿಲಿನ ಮಟ್ಟ ಬರೆಯಿರಿ. ಅತಿ ತಗ್ಗಿನ ಹೊಸ್ತಿಲಿನಿಂದ 150 ಮಿ.ಮೀ. ಕೆಳಗೆ ಬೀದಿಯ ಅಂಚು ಬರಬೇಕು. ಉಳಿದ ಮಟ್ಟವೆಲ್ಲ ಅದಕ್ಕೆ ತಕ್ಕಂತೆ. ಆರು ಮೀಟರ್ ಅಗಲದ ಬೀದಿಗೆ ನಡುವೆ 75 ಮಿ.ಮೀ. ಉಬ್ಬು ಕೊಟ್ಟರೆ ನೀರು ಎರಡೂ ಬದಿಯ ಚರಂಡಿಗೆ ಇಳಿಯುತ್ತದೆ. ಚರಂಡಿಗೆ 200ಕ್ಕೆ 1 ಇಳಿಜಾರಾದರೂ ಬೇಕು. ಕೊಳವೆಗಳೆಲ್ಲ ಮೊದಲೇ ಒಳಗೆ ಹೋಗಲಿ: ಒಳಚರಂಡಿ ತಳದಲ್ಲಿ, ಕುಡಿಯುವ ನೀರು ಅದಕ್ಕಿಂತ ಅರ್ಧ ಮೀಟರ್ ಮೇಲೆ. ಖಾಲಿ ಮನೆಗೂ ಒಂದೊಂದು ಕೊಂಡಿ ಬಿಟ್ಟು ಮುಚ್ಚಳ ಹಾಕಿಡಿ, ನಾಳೆ ಅಲ್ಲಿಗೆ ಯಾರಾದರೂ ಬಂದಾಗ ಬೀದಿ ಮತ್ತೆ ಅಗೆಯಬೇಕಾಗುವುದಿಲ್ಲ. ಗುಂಡಿಯನ್ನು ಒಂದೇ ಸಲ ತುಂಬಬೇಡಿ. 150 ಮಿ.ಮೀ.ಗೊಂದು ಪದರ ಹಾಕಿ ದಮ್ಮಸ್ಸು ಮಾಡಿ. ಇಲ್ಲವಾದರೆ ಒಂದೇ ಮಳೆಗಾಲದಲ್ಲಿ ಕೊಳವೆ ಹೋದ ದಾರಿಯುದ್ದಕ್ಕೂ ಹಾಸು ಕುಸಿದು ಪಟ್ಟಿ ಬೀಳುತ್ತದೆ.

ಆಮೇಲೆ ಕಲ್ಲೋ ಪೇವರೋ ಅಂದರೆ, ಹಳೇ ರಸ್ತೆ ಅಗೆಯುವಾಗ ಕೆಳಗೆ ಹಳೇ ಹಾಸುಗಲ್ಲು ಸಿಕ್ಕರೆ ಅದೇ ಕಲ್ಲು. ಸಿಗದಿದ್ದರೆ ಗಾಡಿ ಓಡಾಡುವ ಬೀದಿಗೆ 80 ಮಿ.ಮೀ. ಪೇವರ್, ಬರೀ ಕಾಲ್ನಡಿಗೆಗೆ 60 ಸಾಕು. ಯಾವುದೇ ಆದರೂ ಸಂದಿಗೆ ಸಿಮೆಂಟ್ ತುಂಬಬೇಡಿ. ಅಂಚಿಗೆ ಗಟ್ಟಿ ಕಟ್ಟೆಗಲ್ಲು ಕೊಟ್ಟು ಮರಳಿನಲ್ಲೇ ಕೂರಿಸಿ. ಕೊಳವೆ ಒಡೆದ ದಿನ ನಾಲ್ಕು ಕಲ್ಲು ಎತ್ತಿ, ಕೆಲಸ ಮುಗಿಸಿ, ಅವೇ ನಾಲ್ಕನ್ನು ಮತ್ತೆ ಅಲ್ಲೇ ಕೂರಿಸಲು ಬರಬೇಕು.