ಬಯಲಲ್ಲಿ ಬಿಟ್ಟ ಹಂದಿಗೆ ಬಿಸಿಲಿನ ಕಾಟ

ಪ್ರಶ್ನೆ: ಒಂದು ಎಕರೆಗೆ ಬೇಲಿ ಹಾಕಿ, ಹತ್ತು ಬಿಳಿ ಯಾರ್ಕ್‌ಶೈರ್ ಹಂದಿಗಳನ್ನು ಸಾವಯವ ರೀತಿಯಲ್ಲಿ ಬಯಲಲ್ಲೇ ಸಾಕುತ್ತಿದ್ದೇನೆ. ಏಪ್ರಿಲ್ ಬಂತೆಂದರೆ ಏದುಸಿರು ಬಿಡುತ್ತವೆ, ಸರಿಯಾಗಿ ತಿನ್ನುವುದಿಲ್ಲ, ಕಿವಿಯ ಚರ್ಮ ಸುಲಿಯುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಜಮಖಂಡಿ

ಉತ್ತರ: ಹಂದಿಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಆಗುವುದಿಲ್ಲ, ಬಿಳಿ ತಳಿಯ ಚರ್ಮವನ್ನಂತೂ ಬಿಸಿಲು ಸುಟ್ಟೇ ಬಿಡುತ್ತದೆ. ಮೊದಲು ನೆರಳು ಮಾಡಿ. ಬೇವಿನ ಮರವಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಕಬ್ಬಿನ ರವದಿ ಹೊದಿಸಿದ ಎತ್ತರದ ಚಪ್ಪರ ಹಾಕಿ, ಹಂದಿಗೆ 20 ಚದರಡಿಯಂತೆ. ಬರೀ ತಗಡು ಬೇಡ, ಕಾವು ಕೆಳಗಿಳಿಯುತ್ತದೆ. ಪಕ್ಕದಲ್ಲೇ ಒಂದಡಿ ಆಳದ ಕೆಸರುಗುಂಡಿ ತೋಡಿ. ಮೈಗೆ ಮೆತ್ತಿದ ಕೆಸರು ನಿಧಾನವಾಗಿ ಒಣಗುವುದರಿಂದ ಬರೀ ನೀರಿಗಿಂತ ಹೆಚ್ಚು ಹೊತ್ತು ತಂಪು ಕೊಡುತ್ತದೆ, ಬಿಸಿಲನ್ನೂ ತಡೆಯುತ್ತದೆ. ನಾರುವ ಮುನ್ನವೇ ನೀರು ಬದಲಿಸಿ.

ಕುಡಿಯುವ ನೀರು ಬೇರೆಯೇ ಇರಲಿ, ನೆರಳಲ್ಲಿ: ಬೆಳೆದ ಹಂದಿಗೆ ದಿನಕ್ಕೆ 10–15 ಲೀಟರ್, ಹಾಲೂಡುವ ತಾಯಿಗೆ ಅದರ ಎರಡು ಪಟ್ಟು. ಗೋವಿನಜೋಳದ ನುಚ್ಚು, ಶೇಂಗಾ ಹಿಂಡಿಯನ್ನು ಬೆಳಗಿನ ತಂಪಿನಲ್ಲಿ ಮತ್ತು ಬಿಸಿಲಿಳಿದ ಮೇಲೆ ಕೊಡಿ. ಬೂಷ್ಟು ಹಿಡಿದ ಹಿಂಡಿ ವಿಷ. ಹೋಟೆಲ್ ಮುಸುರೆಯಂತೂ ಬೇಡವೇ ಬೇಡ. ಅದು ಸಾವಯವವೂ ಅಲ್ಲ, ಚಿಕಿತ್ಸೆಯೇ ಇಲ್ಲದ ಆಫ್ರಿಕನ್ ಹಂದಿ ಜ್ವರ ಒಳಬರುವ ದಾರಿಯೂ ಹೌದು.

ಮಾರುವ ದಿನ ಮಧ್ಯಾಹ್ನ ಅಟ್ಟಾಡಿಸಿ ಗಾಡಿ ಹತ್ತಿಸಬೇಡಿ, ನಸುಕಿನಲ್ಲೇ ಸಾಗಿಸಿ. ಬೆದರಿ ದಣಿದ ಹಂದಿಯ ಮಾಂಸ ಬಿಳಿಚಿಕೊಂಡು ನೀರು ಬಿಡುತ್ತದೆ.