ಹಿತ್ತಲ ವೀಕ್ಷಣಾಲಯ: ಕಂಬ ಎಲ್ಲಿ, ಚಾವಣಿ ಎತ್ತ?

ಪ್ರಶ್ನೆ: ಹಿತ್ತಲಲ್ಲಿ 10×10 ಅಡಿಯ ವೀಕ್ಷಣಾಲಯ ಕಟ್ಟಿಸುತ್ತಿದ್ದೇನೆ. 8 ಇಂಚಿನ ದೂರದರ್ಶಕ, ಈಕ್ವಟೋರಿಯಲ್ ಮೌಂಟ್ (ಅಕ್ಷವನ್ನು ಧ್ರುವ ನಕ್ಷತ್ರದತ್ತ ಬಾಗಿಸಿ ದೂರದರ್ಶಕವನ್ನು ತಿರುಗಿಸುವ ಆಧಾರ) ಇವೆ. ಕಾಂಕ್ರೀಟ್ ನೆಲದ ಮೇಲೆಯೇ ಅವನ್ನು ಹೊರುವ ಕಂಬ ನಿಲ್ಲಿಸಬಹುದೇ? ಆಕಾಶ ನೋಡಲು ತೆರೆಯುವಾಗ ಚಾವಣಿ ಯಾವ ಕಡೆ ಸರಿಯಬೇಕು?
– ಓದುಗರು, ಶಿರಸಿ

ಉತ್ತರ: ನೆಲದ ಮೇಲೆ ಖಂಡಿತ ಬೇಡ. ಪಕ್ಕದಲ್ಲಿ ಹೆಜ್ಜೆ ಇಟ್ಟರೂ ಅದುರು ಕಂಬಕ್ಕೆ ಹತ್ತಿ, 200 ಪಟ್ಟು ವರ್ಧನೆಯಲ್ಲಿ ಗುರುಗ್ರಹ ಕುಣಿಯುತ್ತದೆ. ಉದ್ದ, ಅಗಲ, ಆಳ ಮೂರೂ 3 ಅಡಿಯ ಗುಂಡಿ ತೋಡಿಸಿ 1:1.5:3 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ ತುಂಬಿಸಿ. ಸುಮಾರು 6 ಮೂಟೆ ಸಿಮೆಂಟ್ ಹಿಡಿಯುತ್ತದೆ. ಇದಕ್ಕೂ ನೆಲದ ಕಾಂಕ್ರೀಟಿಗೂ ಎಲ್ಲೂ ತಾಗದಂತೆ ಸುತ್ತ 1 ಇಂಚು ದಪ್ಪದ ಥರ್ಮೋಕೋಲ್ ಇಡಿಸಿ. 16 ಮಿ.ಮೀ.ನ ನಾಲ್ಕು ಜೆ-ಬೋಲ್ಟ್‌ಗಳನ್ನು (ತುದಿ ಕೊಕ್ಕೆಯಂತೆ ಬಾಗಿದ ಬೋಲ್ಟ್) ತೂತು ಕೊರೆದ ಪ್ಲೈವುಡ್ಡಿಗೆ ಬಿಗಿದು ಹಸಿ ಕಾಂಕ್ರೀಟಿನಲ್ಲಿ ಕೂರಿಸಬೇಕು. ಮೇಸ್ತ್ರಿ ಅಂದಾಜಿನ ಮೇಲೆ ಚುಚ್ಚಿದರೆ ಕಂಬದ ತಳದ ಪ್ಲೇಟು ಕೂರುವುದೇ ಇಲ್ಲ. ಕನಿಷ್ಠ 7 ದಿನ ನೀರುಣಿಸಿ.

ಇನ್ನು ಚಾವಣಿ. ವಿದೇಶಿ ನಕ್ಷೆಗಳಲ್ಲಿ ಅದು ಸಾಮಾನ್ಯವಾಗಿ ಉತ್ತರಕ್ಕೆ ಸರಿಯುತ್ತದೆ. ಅಲ್ಲಿ ಧ್ರುವ ನಕ್ಷತ್ರ ಎತ್ತರದಲ್ಲಿರುತ್ತದೆ, ಸರಿ. ನಿಮ್ಮಲ್ಲಿ ಅದು ದಿಗಂತದಿಂದ ಸುಮಾರು 15 ಡಿಗ್ರಿ ಮೇಲಷ್ಟೇ. ಸರಿಸಿದ ಚಾವಣಿಯೇ ಅದನ್ನು ಮರೆಮಾಡೀತು. ಪೂರ್ವಕ್ಕೋ ಪಶ್ಚಿಮಕ್ಕೋ ಸರಿಸಿ, ಉತ್ತರದ ಗೋಡೆ ತಗ್ಗಿಸಿ. ಕೆಲವು ಮೌಂಟ್‌ಗಳು ಇಷ್ಟು ಕಡಿಮೆ ಅಕ್ಷಾಂಶಕ್ಕೆ ಬಾಗುವುದಿಲ್ಲ, ಬಾಗಿದರೂ ಪ್ರತಿಭಾರದ ಸರಳು (ದೂರದರ್ಶಕದ ತೂಕ ಸರಿದೂಗಿಸುವ ಭಾರ ಹೊತ್ತದ್ದು) ಕಂಬಕ್ಕೆ ಬಡಿಯುತ್ತದೆ. ದಪ್ಪ ಕಂಬದ ಆಸೆ ಬಿಟ್ಟು 6 ಇಂಚಿನ ಕಬ್ಬಿಣದ ಪೈಪು ಹಾಕಿಸಿ. ಚಾವಣಿಯ ನಾಲ್ಕೂ ಮೂಲೆಗೆ ಟರ್ನ್‌ಬಕಲ್ (ತಿರುಗಿಸಿ ಎಳೆದು ಬಿಗಿಯುವ ಕೊಂಡಿ) ಇರಲಿ, ಗಾಳಿಗೆ ತಗಡು ಹಾರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೂರದರ್ಶಕ ಅಲ್ಲಿ ಇಡಲೇಬೇಡಿ. ಮಲೆನಾಡಿನ ತೇವಕ್ಕೆ ಗಾಜಿಗೆ ಬೂಷ್ಟು ಹಿಡಿಯುತ್ತದೆ.