ಬಾತು ಉಳಿದ ಕೆರೆ, ಬಾತಿಗೆ ಒಗ್ಗದ ಕೆರೆ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಮಡಗಾಸ್ಕರ್ ಪೋಚಾರ್ಡ್ ಬಾತಿನ ಕುರಿತ ಲೇಖನವನ್ನು ಓದಿ ತಾವು ತುಮಕೂರು ಜಿಲ್ಲೆಯಿಂದ ಬರೆದ ಪತ್ರ ಕೈಸೇರಿದೆ. ಅಳಿದೇ ಹೋಯಿತೆಂದು ಎಲ್ಲರೂ ತಿಳಿದಿದ್ದ ಹಕ್ಕಿಯೊಂದು ಜನಸಂಚಾರವಿಲ್ಲದ ಕಾಡಿನ ಕೆರೆಯಲ್ಲಿ ಹೇಗೋ ಬದುಕಿಕೊಂಡಿದ್ದಾಗ, ಅದರ ಗೂಡಿನಿಂದ ಮೊಟ್ಟೆ ತೆಗೆದು, ಮರಿಗಳನ್ನು ಪಂಜರದಲ್ಲಿ ಸಾಕಿ, ಕೊನೆಗೆ ರೈತರೂ ಮೀನುಗಾರರೂ ಓಡಾಡುವ ಬೇರೊಂದು ಕೆರೆಗೆ ಬಿಟ್ಟದ್ದು ಸರಿಯೇ, ಅದನ್ನು ಅದರ ಪಾಡಿಗೆ ಬಿಟ್ಟಿದ್ದರೆ ಆಗುತ್ತಿರಲಿಲ್ಲವೇ ಎಂಬುದು ತಮ್ಮ ಮುಖ್ಯ ಪ್ರಶ್ನೆ. ಜನರಿಗೇ ಹೊಟ್ಟೆ ತುಂಬ ಊಟವಿಲ್ಲದ ದೇಶದಲ್ಲಿ ಒಂದು ಬಾತಿಗಾಗಿ ಇಷ್ಟು ಖರ್ಚು ಬೇಕೇ ಎಂದೂ ಕೇಳಿದ್ದೀರಿ. ತಮ್ಮೂರಿನ ಕೆರೆಯ ಹೂಳೆತ್ತುವ ಕೆಲಸ ಈ ಬೇಸಿಗೆಯಲ್ಲಿ ಶುರುವಾಗಲಿದೆಯೆಂದೂ, ಅದಕ್ಕೆ ಈ ಲೇಖನದಿಂದ ತಿಳಿಯುವುದೇನಾದರೂ ಇದೆಯೇ ಎಂದೂ ಪತ್ರದ ಕೊನೆಯಲ್ಲಿ ವಿಚಾರಿಸಿದ್ದೀರಿ. ಮೊದಲ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಕೊನೆಯದಕ್ಕೂ ದಾರಿ ಕಾಣುತ್ತದೆ ಎಂಬ ಕಾರಣಕ್ಕೆ ಅದನ್ನೇ ವಿವರವಾಗಿ ಎತ್ತಿಕೊಳ್ಳುತ್ತೇನೆ.

ಒಂದು ಜೀವಿ ಕೊನೆಗೆ ಎಲ್ಲಿ ಉಳಿದಿದೆಯೋ ಅದೇ ಅದರ ತವರು, ಅಲ್ಲಿ ಅದಕ್ಕೆ ಬೇಕಾದದ್ದೆಲ್ಲ ಇದೆ ಎಂಬ ನಂಬಿಕೆ ತಮ್ಮ ಪ್ರಶ್ನೆಯ ಬೆನ್ನಿಗಿದೆ. ಇದು ಬಹಳ ಮಂದಿಯ ನಂಬಿಕೆಯೂ ಹೌದು. ನಾನು ಇದನ್ನು ಒಪ್ಪಲಾರೆ. ಎಲ್ಲ ಕಡೆಯಿಂದಲೂ ಅಟ್ಟಿಸಿಕೊಂಡ ಜೀವಿ ಕಟ್ಟಕಡೆಗೆ ಸಿಕ್ಕಿಬೀಳುವ ಮೂಲೆ ಅದಕ್ಕೆ ಒಗ್ಗುವ ಜಾಗವಾಗಿರಬೇಕೆಂಬ ನಿಯಮವೇನಿಲ್ಲ. ಹೆಚ್ಚಿನ ವೇಳೆ ಅದು ಮನುಷ್ಯನಿಗೆ ಬೇಡವಾಗಿ ಬಿಟ್ಟ ಜಾಗ, ಅಷ್ಟೆ.

ಈ ಬಾತು ಒಂದು ಕಾಲಕ್ಕೆ ಧಾರಾಳವಾಗಿ ಕಾಣುತ್ತಿದ್ದದ್ದು ಮಡಗಾಸ್ಕರಿನ ಅತಿದೊಡ್ಡ ಸರೋವರವಾದ ಅಲಾವುತ್ರಾದಲ್ಲಿ. ದ್ವೀಪದ ಪೂರ್ವಭಾಗದ ಎತ್ತರದ ನಾಡಿನಲ್ಲಿರುವ ಈ ಸರೋವರದ ನೀರು ಹೆಚ್ಚು ಆಳವಿಲ್ಲದ್ದು. ಅದರ ಸುತ್ತ ಸಾವಿರಾರು ಹೆಕ್ಟೇರುಗಳಲ್ಲಿ ಪಪೈರಸ್ ಮತ್ತು ಜೊಂಡು ಬೆಳೆದ ಜೌಗು ಹಬ್ಬಿತ್ತು. ಗಂಡು ಬಾತಿನ ಮೈ ಕಡು ಕಂದು, ಕಣ್ಣು ಎದ್ದು ಕಾಣುವಂತೆ ಬಿಳಿ. ಹೆಣ್ಣಿನ ಕಣ್ಣು ಕಪ್ಪು. ಮುಳುಗಿ ತಳದಲ್ಲಿರುವ ಹುಳುಹುಪ್ಪಟೆಗಳನ್ನು ಹುಡುಕಿ ತಿನ್ನುವ ಜಾತಿ ಇದು. 1930ರ ಸುಮಾರಿಗೆ ಅಲ್ಲಿ ಅಧ್ಯಯನ ನಡೆಸಿದ ಫ್ರೆಂಚ್ ಪಕ್ಷಿತಜ್ಞ ಝಾನ್ ದಲಾಕೂರ್ ಅವರ ಕಾಲಕ್ಕೆ ಇದು ಅಪರೂಪದ ಹಕ್ಕಿಯೇ ಆಗಿರಲಿಲ್ಲ. ಆಮೇಲೆ ಅಲಾವುತ್ರಾ ಆ ದೇಶದ ಭತ್ತದ ಕಣಜವಾಯಿತು. ಜೌಗಿನ ನೀರು ಬಸಿದು ಗದ್ದೆ ಮಾಡಿದರು. ಸುತ್ತಲಿನ ಗುಡ್ಡಗಳ ಮರ ಕಡಿದದ್ದರಿಂದ ಕೆಂಪು ಮಣ್ಣು ಕೊಚ್ಚಿಕೊಂಡು ಬಂದು ಸರೋವರದಲ್ಲಿ ಹೂಳಾಗಿ ಕೂತಿತು. ಆಹಾರದ ಆಸೆಗೆ ಹೊರದೇಶಗಳಿಂದ ತಂದುಬಿಟ್ಟ ತಿಲಾಪಿಯಾ, ಕಾರ್ಪ್, ಬ್ಲ್ಯಾಕ್ ಬಾಸ್ ಮುಂತಾದ ಮೀನುಗಳು ನೀರಿನ ಗಿಡಗಳನ್ನೂ ಅವುಗಳ ನಡುವಿನ ಜೀವಜಾಲವನ್ನೂ ಬದಲಿಸಿಬಿಟ್ಟವು. ನೈಲಾನ್ ಬಲೆಗಳು ಬಂದ ಮೇಲಂತೂ ಮುಳುಗಿ ಮೇಯುವ ಹಕ್ಕಿಗಳು ಮೀನಿನ ಜತೆಗೇ ಬಲೆಗೆ ಸಿಕ್ಕಿ ನೀರಿನಲ್ಲೇ ಉಸಿರುಕಟ್ಟಿ ಸತ್ತವು.

1960ರ ಜೂನ್‌ನ ನಂತರ ಅಲಾವುತ್ರಾದಲ್ಲಿ ಈ ಬಾತುಗಳು ಗುಂಪಾಗಿ ಕಂಡ ದಾಖಲೆಯಿಲ್ಲ. 1991ರಲ್ಲಿ ಒಂದೇ ಒಂದು ಗಂಡು ಜೀವಂತವಾಗಿ ಸಿಕ್ಕಿತು. ರಾಜಧಾನಿ ಅಂತನನರಿವೊದ ತ್ಸಿಂಬಜಾಜಾ ಉದ್ಯಾನದಲ್ಲಿ ಅದನ್ನು ಇಟ್ಟುಕೊಂಡಿದ್ದರು. ಮರುವರ್ಷ ಅದು ಸತ್ತಿತು. ಅದೇ ಸರೋವರದಲ್ಲಿ ಮಾತ್ರ ಇದ್ದ ಅಲಾವುತ್ರಾ ಗುಳುಮುಳುಕ ಹಕ್ಕಿಗೆ ಇಷ್ಟರ ಅದೃಷ್ಟವೂ ಇರಲಿಲ್ಲ: 2010ರಲ್ಲಿ ಅದು ನಿರ್ನಾಮವಾಯಿತೆಂದು ಘೋಷಿಸಬೇಕಾಯಿತು. ನಮ್ಮ ಕೆರೆಗಳಲ್ಲಿ ಪುಳಕ್ಕನೆ ಮುಳುಗಿ ದೂರದಲ್ಲಿ ಏಳುವ ಗುಳುಮುಳುಕದ ಹತ್ತಿರದ ಬಂಧುವಾಗಿದ್ದ ಆ ಹಕ್ಕಿಯನ್ನು ಅದೇ ಮೀನುಗಳು, ಅದೇ ಬಲೆಗಳು ತೀರಿಸಿದವು.

2006ರ ನವೆಂಬರಿನಲ್ಲಿ, ದ್ವೀಪದ ಉತ್ತರ ಭಾಗದಲ್ಲಿ ಸೆಳೆವ (ಹ್ಯಾರಿಯರ್) ಜಾತಿಯ ಬೇಟೆಹಕ್ಕಿಯೊಂದನ್ನು ಹುಡುಕುತ್ತಿದ್ದ ಪೆರೆಗ್ರಿನ್ ಫಂಡ್ ಸಂಸ್ಥೆಯ ಮಲಗಾಸಿ ಜೀವಶಾಸ್ತ್ರಜ್ಞರಾದ ಲಿಲಿ-ಅರಿಸನ್ ರೆನೆ ದ ರೋಲಾಂದ್ ಮತ್ತು ತೇ ಸೇಂಗ್ ಸಾಮ್ ಅವರಿಗೆ ಬೆಮನೆವಿಕಾ ಎಂಬಲ್ಲಿನ ಮತ್ಸಬುರಿಮೇನಾ ಕೆರೆಯಲ್ಲಿ ಒಂಬತ್ತು ದೊಡ್ಡ ಬಾತುಗಳೂ ಆಗತಾನೆ ಒಡೆದ ನಾಲ್ಕು ಮರಿಗಳೂ ಕಂಡವು. ಹಳೆಯ ಜ್ವಾಲಾಮುಖಿಯ ಕುಳಿಯಲ್ಲಿ ನಿಂತ ನೀರು ಅದು, ಸುತ್ತ ಮಳೆಕಾಡು. ತಾವು ಪತ್ರದಲ್ಲಿ 'ಸ್ವರ್ಗದಂಥ ಜಾಗ' ಎಂದು ಬರೆದಿರುವುದು ಇದನ್ನೇ. ನೋಡುವ ಕಣ್ಣಿಗೆ ಹಾಗೆ ಅನ್ನಿಸುವುದು ಸಹಜ.

ಆದರೆ ಮುಂದಿನ ವರ್ಷಗಳಲ್ಲಿ ಅಲ್ಲೇ ಬೀಡುಬಿಟ್ಟು ಗಮನಿಸಿದವರಿಗೆ ಕಂಡದ್ದು ಬೇರೆ. ಹೆಣ್ಣುಗಳು ಗೂಡು ಕಟ್ಟುತ್ತಿದ್ದವು, ಮೊಟ್ಟೆ ಇಡುತ್ತಿದ್ದವು, ಮರಿಗಳೂ ಒಡೆಯುತ್ತಿದ್ದವು. ಹೀಗಿದ್ದೂ ಒಟ್ಟು ಬಾತುಗಳ ಸಂಖ್ಯೆ ಇಪ್ಪತ್ತೈದರ ಆಸುಪಾಸಿನಿಂದ ಮೇಲೇಳಲೇ ಇಲ್ಲ. ಮರಿಗಳಲ್ಲಿ ಶೇಕಡಾ 96ರಷ್ಟು ಎರಡು-ಮೂರು ವಾರಗಳ ವಯಸ್ಸಿಗೇ ಸಾಯುತ್ತಿದ್ದವು. ಹಾಗೆ ಸಾಯುತ್ತಿದ್ದದ್ದು ಹಸಿವಿನಿಂದ. ಕುಳಿಯ ಕೆರೆಯ ದಂಡೆ ಕಡಿದಾಗಿ ಇಳಿಯುತ್ತದೆ. ದಡದಿಂದ ಸ್ವಲ್ಪ ಆಚೆಗೇ ಆಳ. ಮರಿಗೆ ಮುಳುಗಿ ಮೇಯಲು ಎಟುಕುವ ತೆಳುನೀರಿನ ಪಟ್ಟಿ ತೀರ ಕಿರಿದು, ಅಲ್ಲಿರುವ ಆಹಾರವೂ ಅಲ್ಪ. ಆ ಕಡಿದಾದ ದಂಡೆ ಮತ್ತು ದೂರದ ದಾರಿಯಿಂದಾಗಿಯೇ ಅಲ್ಲಿ ಗದ್ದೆ ಮಾಡಲು, ಬಲೆ ಬೀಸಲು ಯಾರೂ ಹೋಗಿರಲಿಲ್ಲ ಎಂಬುದನ್ನು ತಾವು ಗಮನಿಸಬೇಕು. ಮನುಷ್ಯರನ್ನು ದೂರವಿಟ್ಟು ದೊಡ್ಡ ಬಾತುಗಳನ್ನು ಕಾಪಾಡಿದ ಲಕ್ಷಣವೇ ಮರಿಗಳನ್ನು ಉಪವಾಸ ಕೆಡವುತ್ತಿತ್ತು. ತಾವು ಹೇಳುವಂತೆ ಅದರ ಪಾಡಿಗೆ ಬಿಟ್ಟಿದ್ದರೆ ಒಂದು ರೋಗ, ಒಂದು ಚಂಡಮಾರುತ, ಇಲ್ಲವೇ ಮಳೆ ಕೈಕೊಟ್ಟ ಎರಡು ವರ್ಷ ಸಾಕಾಗಿತ್ತು.

ಹೀಗಾಗಿ 2009ರಲ್ಲಿ ಮಡಗಾಸ್ಕರ್ ಸರ್ಕಾರದ ಜತೆಗೂಡಿ ಡರೆಲ್ ವನ್ಯಜೀವಿ ಸಂರಕ್ಷಣಾ ಟ್ರಸ್ಟ್, ಬ್ರಿಟನ್ನಿನ ವೈಲ್ಡ್‌ಫೌಲ್ ಅಂಡ್ ವೆಟ್‌ಲ್ಯಾಂಡ್ಸ್ ಟ್ರಸ್ಟ್ ಮತ್ತು ಪೆರೆಗ್ರಿನ್ ಫಂಡ್ ಗೂಡುಗಳಿಂದ ಮೊಟ್ಟೆ ತೆಗೆಯಲು ನಿರ್ಧರಿಸಿದವು. ತಮ್ಮ ಮನಸ್ಸಿಗೆ ಕಠೋರವೆನಿಸಿದ ಹೆಜ್ಜೆ ಇದು. ಲೆಕ್ಕ ಹಾಕಿ ನೋಡಿದರೆ ಇದಕ್ಕಿಂತ ಕಡಿಮೆ ಕಠೋರವಾದ ಹೆಜ್ಜೆ ಇರಲಿಲ್ಲ. ನೂರರಲ್ಲಿ ತೊಂಬತ್ತಾರು ಮರಿ ಸಾಯುವ ನೀರಿನಿಂದ ಮೊಟ್ಟೆ ತಂದರೆ ಕಾಡಿನ ಬಾತುಗಳಿಗೆ ಆಗುವ ನಷ್ಟ ಅತ್ಯಲ್ಪ, ಆದರೆ ಆ ಮೊಟ್ಟೆಗಳಿಂದ ಸಂತಾನ ಉಳಿಯುವ ಸಾಧ್ಯತೆ ದೊಡ್ಡದು. ಆಂತ್ಸುಹಿಹಿ ಎಂಬ ಪಟ್ಟಣದಲ್ಲಿ ಸಂವರ್ಧನಾ ಕೇಂದ್ರ ಆರಂಭವಾಯಿತು. 2012ರ ಹೊತ್ತಿಗೆ ಅಲ್ಲೇ ಹುಟ್ಟಿ ಬೆಳೆದ ಬಾತುಗಳಿಂದ 18 ಮರಿಗಳಾದವು. ಅಲ್ಲಿಂದಾಚೆಗೆ ಈ ಜಾತಿ ಒಂದೇ ಕೆರೆಯ ದಯೆಯಲ್ಲಿ ಬದುಕಬೇಕಾದ ಸ್ಥಿತಿ ತಪ್ಪಿತು.

ಪಂಜರದಲ್ಲಿ ಮರಿ ಮಾಡಿಸುವುದು ಕಾಲಾವಕಾಶ ಕೊಡುತ್ತದೆ, ನೆಲೆಯನ್ನು ಕೊಡುವುದಿಲ್ಲ. ನಮ್ಮ ಪತ್ರಿಕೆಗಳಲ್ಲಿ ಇಂಥ ಸುದ್ದಿ ಬಂದಾಗಲೆಲ್ಲ ಮರಿಗಳ ಚಿತ್ರ ದೊಡ್ಡದಾಗಿಯೂ ಕೆರೆಯ ಮಾತು ಸಣ್ಣದಾಗಿಯೂ ಅಚ್ಚಾಗುತ್ತದೆ ಎಂಬ ಕೊರಗು ನನಗಿದೆ. ಈ ಯೋಜನೆಯಲ್ಲಿ ಹೆಚ್ಚು ವರ್ಷ, ಹೆಚ್ಚು ಶ್ರಮ ಹಿಡಿದದ್ದು ಬಾತುಗಳನ್ನು ಬಿಡಲು ತಕ್ಕ ನೀರನ್ನು ಹುಡುಕುವುದಕ್ಕೆ. ದ್ವೀಪದ ಜೌಗುಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಬಹುತೇಕ ಎಲ್ಲವೂ ಕೆಟ್ಟಿರುವುದು ತಿಳಿಯಿತು. ಕೊನೆಗೆ ಆಯ್ಕೆಯಾದದ್ದು ಅದೇ ಉತ್ತರ ಭಾಗದ ಸೋಫಿಯಾ ಸರೋವರ. ಅದೂ ಕೆಡದೆ ಉಳಿದ ಜಾಗವಾಗಿರಲಿಲ್ಲ. ಸುತ್ತಲಿನ ಹಳ್ಳಿಗಳು ಅದರ ಮೀನನ್ನೂ ಅದರ ಅಂಚಿನ ಗದ್ದೆಗಳನ್ನೂ ನಂಬಿಕೊಂಡೇ ಬದುಕುತ್ತಿದ್ದವು. ಆದರೆ ಅಲ್ಲಿ ತೆಳುನೀರಿತ್ತು, ಜೊಂಡಿತ್ತು, ಸರಿಪಡಿಸಲು ಆಗುವಷ್ಟು ಜೀವವಿತ್ತು. ಜತೆಗೆ ಆ ಕೆಲಸಕ್ಕೆ ಕೈಜೋಡಿಸಲು ಒಪ್ಪಿದ ಜನರಿದ್ದರು.

2018ರ ಡಿಸೆಂಬರಿನಲ್ಲಿ ಅಲ್ಲಿ 21 ಬಾತುಗಳನ್ನು ಬಿಟ್ಟ ರೀತಿಯೂ ಹೊಸದು. ಸ್ಕಾಟ್ಲೆಂಡಿನಲ್ಲಿ ಸಾಮನ್ ಮೀನು ಸಾಕುವವರು ಬಳಸುವ ತೇಲುವ ಪಂಜರಗಳನ್ನು ಹಕ್ಕಿಗಳಿಗೆ ಹೊಂದುವಂತೆ ಮಾಡಿ ಸರೋವರದ ಮೇಲೆ ಇರಿಸಿದ್ದರು. ಬಾತುಗಳು ಕೆಲವು ದಿನ ಅದರೊಳಗೆ ಇದ್ದು, ಅದೇ ನೀರಿನಲ್ಲಿ ಮುಳುಗಿ, ಸುತ್ತಣ ನೋಟಕ್ಕೂ ಸದ್ದಿಗೂ ಒಗ್ಗಿಕೊಂಡ ಮೇಲೆ ಬಾಗಿಲು ತೆರೆದರು. ಹೊರಗೂ ತೇಲುವ ತಂಗುದಾಣಗಳನ್ನೂ ಆಹಾರವನ್ನೂ ಉಳಿಸಿದರು. ಅಪರಿಚಿತ ಜಾಗದಲ್ಲಿ ಏಕಾಏಕಿ ಬಿಟ್ಟ ಬಾತು ಹಾರಿ ಎಲ್ಲೋ ಹೋಗಿ ಸಾಯುವ ಅಪಾಯವಿರುವುದರಿಂದ ಇಷ್ಟು ಎಚ್ಚರಿಕೆ ಬೇಕಾಯಿತು. ಬಿಟ್ಟ ಬಾತುಗಳು ಸರೋವರವನ್ನು ತಮ್ಮದೆಂದುಕೊಂಡವು, ಮುಂದೆ ಅಲ್ಲೇ ಗೂಡು ಕಟ್ಟಿ ಮರಿ ಮಾಡಿದವು. ಗೆದ್ದೆವೆಂದು ಹೇಳುವ ಕಾಲ ಇನ್ನೂ ಬಂದಿಲ್ಲ, ಈ ಬಾತು ಇಂದಿಗೂ ಜಗತ್ತಿನ ಅತಿ ವಿರಳ ಹಕ್ಕಿಗಳ ಸಾಲಿನಲ್ಲಿದೆ.

ಇನ್ನು ಖರ್ಚಿನ ಮಾತು. ಹೂಳು ತಡೆಯಲು ಗುಡ್ಡಗಳಲ್ಲಿ ಮಣ್ಣು ಹಿಡಿದಿಡಬೇಕು. ಗದ್ದೆ ಜೌಗಿನೊಳಕ್ಕೆ ನುಗ್ಗದಿರಬೇಕಾದರೆ ಇರುವ ಗದ್ದೆಯಲ್ಲೇ ಹೆಚ್ಚು ಭತ್ತ ಬರಬೇಕು. ಬಲೆಯ ಕಣ್ಣಿನ ಅಳತೆ, ಮೀನು ಹಿಡಿಯದ ತಿಂಗಳು, ಹಿಡಿಯದ ಜಾಗ ಇವನ್ನೆಲ್ಲ ಮೀನುಗಾರರೇ ಕೂತು ನಿರ್ಧರಿಸಬೇಕು. ಇವು ಬಾತಿಗೆ ಬೇಕಾದವು. ಆದರೆ ಮಣ್ಣು ಕಳೆದುಕೊಳ್ಳುತ್ತಿರುವ ರೈತನಿಗೂ, ವರ್ಷದಿಂದ ವರ್ಷಕ್ಕೆ ಸಣ್ಣ ಮೀನೇ ಸಿಗುತ್ತಿರುವ ಮೀನುಗಾರನಿಗೂ ಬೇಕಾದವು ಇವೇ. ಬಾತಿನ ಖರ್ಚು ಬೇರೆ, ಜನರ ಖರ್ಚು ಬೇರೆ ಎಂದು ಈ ಲೆಕ್ಕವನ್ನು ಎರಡಾಗಿ ಸೀಳಲು ನನಗೆ ಸಾಧ್ಯವಾಗುತ್ತಿಲ್ಲ. ಮಡಗಾಸ್ಕರಿನ ರೈತರನ್ನು ಬರೀ ಬಡವರೆಂದು ನೋಡುವುದೂ ಸರಿಯಲ್ಲ. ಕಡಿಮೆ ನೀರು, ಕಡಿಮೆ ಬೀಜ, ಅಗಲದ ಸಾಲಿನಲ್ಲಿ ಎಳೆಯ ಪೈರು ನೆಡುವ, ನಮ್ಮಲ್ಲಿ 'ಶ್ರೀ ಪದ್ಧತಿ' ಎಂದು ಹೆಸರಾದ ಭತ್ತದ ಬೇಸಾಯವನ್ನು 1980ರ ದಶಕದಲ್ಲಿ ಫ್ರೆಂಚ್ ಪಾದ್ರಿ ಆಂರಿ ದ ಲೋಲಾನಿಯೆ ಅಲ್ಲಿನ ರೈತರ ಜತೆಯಲ್ಲೇ ರೂಪಿಸಿದ್ದು. ಕರ್ನಾಟಕದ ಎಷ್ಟೋ ಗದ್ದೆಗಳಿಗೆ ಅದು ಬಂದು ತಲುಪಿದೆ.

ಅದರ ಪಾಡಿಗೆ ಬಿಡುವುದರ ಫಲವನ್ನು ನೋಡಲು ದೂರ ಹೋಗಬೇಕಿಲ್ಲ. ಗಂಗಾ ಮತ್ತು ಬ್ರಹ್ಮಪುತ್ರಾ ಬಯಲಿನ ಹುಲ್ಲುಜೌಗುಗಳಲ್ಲಿದ್ದ ಗುಲಾಬಿ ತಲೆಯ ಬಾತು ನಮ್ಮ ದೇಶದ ಹಕ್ಕಿ. ಖಚಿತವೆನ್ನಬಹುದಾದ ಕೊನೆಯ ದಾಖಲೆ 1935ರದು, ಬಿಹಾರದ ದರ್ಭಂಗಾ ಸೀಮೆಯದು. ಕೆಲವು ಬಾತುಗಳು ಇಂಗ್ಲೆಂಡಿನ ಶ್ರೀಮಂತರ ತೋಟಗಳ ಕೊಳಗಳಲ್ಲಿ ಹಲವು ವರ್ಷ ಬದುಕಿದ್ದವು. ಅಲ್ಲಿ ಅವು ಮರಿ ಮಾಡಲಿಲ್ಲ. ಅವು ಬದುಕಿದ್ದ ಆ ವರ್ಷಗಳಲ್ಲಿ ಅವುಗಳ ಜೌಗನ್ನು ಉಳಿಸುವ ಪ್ರಯತ್ನ ನಡೆಯಲಿಲ್ಲ. ಮಡಗಾಸ್ಕರಿನವರು ಮಾಡಿದ್ದನ್ನು ಹೊಗಳುವಾಗ ನನ್ನ ಮನಸ್ಸಿನಲ್ಲಿ ಸದಾ ಇರುವುದು ಈ ಬಾತಿನ ವಿಷಯದಲ್ಲಿ ನಾವು ಕಳೆದುಕೊಂಡ ಕಾಲ.

ಈಗ ತಮ್ಮೂರ ಕೆರೆಗೆ ಬರುತ್ತೇನೆ. ಮಡಗಾಸ್ಕರ್ ಪೋಚಾರ್ಡಿನ ಕುಲಕ್ಕೇ ಸೇರಿದ ಸಾಮಾನ್ಯ ಪೋಚಾರ್ಡ್ ಚಳಿಗಾಲಕ್ಕೆ ನಮ್ಮ ಕೆರೆಗಳಿಗೂ ಬರುತ್ತದೆ; ಹೆಸರಿನಲ್ಲಿ ಸಾಮಾನ್ಯವಾದರೂ 2015ರಿಂದ ಅದು ಜಾಗತಿಕ ಕೆಂಪುಪಟ್ಟಿಯಲ್ಲಿ ಅಪಾಯಕ್ಕೆ ಈಡಾದ ಜಾತಿ. ನಮ್ಮ ಹಳೆಯ ಕೆರೆಗಳ ಆಕಾರವೇ ಇಂಥ ಹಕ್ಕಿಗಳಿಗೆ ಅನುಕೂಲ: ಏರಿಯ ಬುಡದಲ್ಲಿ, ತೂಬಿನ ಬಳಿ ಆಳ, ಅಲ್ಲಿಂದ ಹಿಂದಕ್ಕೆ ಹೋದಂತೆ ಮೆಲ್ಲಗೆ ಏರುತ್ತ ಹೋಗುವ ಅಂಗಳ, ಕೊನೆಗೆ ಮೊಣಕಾಲುದ್ದದ ನೀರು, ಜೊಂಡು, ಕೆಸರು. ಬೇಸಿಗೆಯಲ್ಲಿ ರೈತರು ಗಾಡಿ ಕಟ್ಟಿ ಗೋಡುಮಣ್ಣು ಹೊಡೆಯುತ್ತಿದ್ದಾಗ ಈ ಇಳಿಜಾರು ಕೆಡುತ್ತಿರಲಿಲ್ಲ. ಈಗ ಯಂತ್ರ ಇಳಿಸಿ ಅಂಗಳವನ್ನೆಲ್ಲ ಒಂದೇ ಆಳಕ್ಕೆ ಅಗೆದು, ಸುತ್ತಲೂ ಕಡಿದಾದ ದಂಡೆ ಎತ್ತಿ, ಅದರ ಮೇಲೆ ನಡಿಗೆಯ ಹಾದಿ ಮಾಡುವುದನ್ನೇ ಅಭಿವೃದ್ಧಿ ಎನ್ನುತ್ತಿದ್ದಾರೆ. ಬೆಂಗಳೂರಿನ ಹಲವು ಕೆರೆಗಳಿಗೆ ಹೀಗೇ ಆಗಿದೆ. ಮತ್ಸಬುರಿಮೇನಾದಲ್ಲಿ ಜ್ವಾಲಾಮುಖಿ ಮಾಡಿದ್ದನ್ನು ಇಲ್ಲಿ ನಾವು ಹಣ ಕೊಟ್ಟು ಮಾಡಿಸಿಕೊಳ್ಳುತ್ತಿದ್ದೇವೆ: ನೀರು ತುಂಬಿರುತ್ತದೆ, ಮರಿಗೆ ಮೇಯಲು ಅಂಚಿರುವುದಿಲ್ಲ.

ಆದ್ದರಿಂದ ಅಂದಾಜುಪಟ್ಟಿ ಒಪ್ಪಿಗೆಯಾಗುವ ಮೊದಲೇ ಗ್ರಾಮಸಭೆಯಲ್ಲಿ ಎಂಜಿನಿಯರರ ನಕ್ಷೆಯನ್ನು ಕೇಳಿ ನೋಡಿ. ಹೂಳನ್ನು ಏರಿಯ ಕಡೆಯಿಂದ ತೆಗೆದು, ನೀರು ಬಂದು ಸೇರುವ ಹಿಂಭಾಗದ ಇಳಿಜಾರನ್ನೂ ಜೊಂಡನ್ನೂ ಹಾಗೆಯೇ ಬಿಡಲು ಬರವಣಿಗೆಯಲ್ಲಿ ಸೇರಿಸಲು ಕೇಳಿಕೊಳ್ಳಿ. ಆ ಭಾಗವನ್ನು ಕತ್ತರಿಸಿಹಾಕುವ ಸುತ್ತುದಂಡೆ ಬೇಡವೆನ್ನಿ. ಮೀನಿನ ಗುತ್ತಿಗೆಯ ಷರತ್ತುಗಳನ್ನೂ ಓದಿ: ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ತಿಲಾಪಿಯಾ ಒಮ್ಮೆ ಸೇರಿದರೆ ತೆಗೆಯುವುದು ಬಹುಕಷ್ಟವಾದ್ದರಿಂದ ಯಾವ ಮರಿಗಳನ್ನು ಬಿತ್ತುತ್ತಾರೆಂಬುದು ಮೊದಲೇ ಗೊತ್ತಿರಲಿ. ಏಷ್ಯಾದ ನೀರುಹಕ್ಕಿಗಳ ಗಣತಿ ಪ್ರತಿವರ್ಷ ಜನವರಿಯಲ್ಲಿ ನಡೆಯುತ್ತದೆ. ತಮ್ಮೂರ ಶಾಲೆಯ ಮಕ್ಕಳನ್ನು ಕೂಡಿಸಿಕೊಂಡು ಕೆಲಸ ಶುರುವಾಗುವ ಮುಂಚಿನ ಜನವರಿಯಲ್ಲಿ ಒಮ್ಮೆ, ಆಮೇಲೆ ಪ್ರತಿವರ್ಷವೂ ಎಣಿಸಿ, ಅಂಚಿನ ನೀರಿನ ಆಳವನ್ನೂ ಅದರ ಪಕ್ಕದಲ್ಲೇ ಬರೆದಿಟ್ಟರೆ, ಮುಂದೆ ಪಕ್ಕದೂರಿನ ಕೆರೆಗೆ ಯಂತ್ರ ಇಳಿಯುವಾಗ ತೋರಿಸಲು ಆಧಾರವೊಂದು ಕೈಯಲ್ಲಿರುತ್ತದೆ. ಆ ಪಟ್ಟಿಯನ್ನು ನಮಗೂ ಕಳುಹಿಸಿಕೊಡಿ, ಪ್ರಕಟಿಸುತ್ತೇವೆ.

ತಮ್ಮ ವಿಶ್ವಾಸಿ,
ಸಂಪಾದಕ